ಶಾಲೇಲಿ ಮಕ್ಕಳ ಕೈಲಿ ಪತ್ರಿಕೆ ಮಾಡಿಸಿದ್ರೆ ಓದು-ಬರಹ ನಿಜವಾಗ್ಲೂ ಸುಧಾರಿಸುತ್ತಾ? ಮಾಡಿಸಿದವರು ಇದ್ರೆ ಹೇಳಿ

ಕನ್ನಡ_ಟೀಚರ್_ಹಾವೇರಿ:

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಲ್ಲಿ ಕನ್ನಡ ಟೀಚರು. ಈ ವರ್ಷ ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳ ಕೈಲಿ ತಿಂಗಳಿಗೊಂದು ಪತ್ರಿಕೆ ಮಾಡಿಸಬೇಕು ಅಂತ ಮನಸ್ಸಾಗಿದೆ. ಗೋಡೆ ಪತ್ರಿಕೆ ಆದ್ರೂ ಸರಿ, ಎರಡು ಪುಟ ಕೈಲಿ ಬರೆಸಿ ಜೆರಾಕ್ಸ್ ಹೊಡೆಸಿ ಹಂಚಿದ್ರೂ ಸರಿ.

ಯಾಕೆ ಅಂದ್ರೆ, ನಮ್ಮ ಮಕ್ಕಳಿಗೆ ಬರೆಯೋಕೆ ಬರಲ್ಲ ಅಂತೇನಿಲ್ಲ, ಬರೀತಾರೆ, ಆದ್ರೆ ಅಷ್ಟೂ ಗೈಡ್ ನೋಡಿ ಬಾಯಿಪಾಠ ಮಾಡಿದ್ದು. ಪರಿಸರ ಮಾಲಿನ್ಯದ ಬಗ್ಗೆ ಪ್ರಬಂಧ ಕೊಟ್ರೆ ಇಡೀ ಕ್ಲಾಸಿನ ಪೇಪರಲ್ಲಿ ಅದೇ ಪೀಠಿಕೆ ಅದೇ ಉಪಸಂಹಾರ, ಒಬ್ಬಳು ಒತ್ತಕ್ಷರ ತಪ್ಪಿದ್ರೆ ಪಕ್ಕದವಳೂ ಅದೇ ಜಾಗದಲ್ಲಿ ತಪ್ಪಿರ್ತಾಳೆ. ಅದೇ ಮಕ್ಕಳಿಗೆ "ನಮ್ಮೂರ ಕೆರೇಲಿ ಈಗ ನೀರು ಎಷ್ಟಿದೆ, ಯಾರ್ಯಾರು ಬಳಸ್ತಾರೆ, ನಾಲ್ಕು ಸಾಲು ಬರೀರಿ" ಅಂದೆ, ಪೆನ್ನು ಕಚ್ಕೊಂಡು ಕೂತ್ರು. ಬಾಯಲ್ಲಿ ಹೇಳು ಅಂದ್ರೆ ಅದೇ ಕೆರೆ ಬಗ್ಗೆ ಅರ್ಧ ಗಂಟೆ ಹೇಳ್ತಾರೆ, ಕಾಗದದ ಮೇಲೆ ಬರಲ್ಲ ಅಷ್ಟೇ.

ನಮ್ಮ ಎಚ್ಎಂ ಸರ್ ಒಳ್ಳೆಯವರೇ. ವಿಷಯ ಹೇಳಿದ್ದಕ್ಕೆ "ಚಲೋ ಐತ್ರಿ ಮೇಡಂ, ಮಾಡ್ರಿ, ಆದ್ರ ಇದರಿಂದ ರಿಸಲ್ಟ್ ಏನರ ಏರತೈತೇನ್ರಿ?" ಅಂದ್ರು. ಅವರನ್ನೂ ದೂರೋ ಹಾಗಿಲ್ಲ, 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಕಣ್ಗಾವಲು, ಅದೇ ವೆಬ್‌ಕಾಸ್ಟಿಂಗ್ ಬಂದಾಗ ರಾಜ್ಯದ ಎಸ್ಸೆಸ್ಸೆಲ್ಸಿ ರಿಸಲ್ಟು 83.89ರಿಂದ 73.40ಕ್ಕೆ ಬಿತ್ತಲ್ಲ, ಆವತ್ತಿಂದ ಮೀಟಿಂಗಲ್ಲಿ ಬೇರೆ ಮಾತೇ ಇಲ್ಲ, ಬರೀ ವಿಶೇಷ ತರಗತಿ, ಪಾಸಿಂಗ್ ಪ್ಯಾಕೇಜು. ಹೀಗಿರುವಾಗ ಪತ್ರಿಕೆ ಅಂದ್ರೆ ಹೆಚ್ಚುವರಿ ಆಟ ಅನ್ನಿಸೋದು ಸಹಜ.

ಹಾಗಾಗಿ ಕೇಳ್ತಿರೋದು ಎರಡು. ಇದರಿಂದ ಓದಿಗೆ ಪ್ರಯೋಜನ ಆಗಿದ್ದು ಯಾರಾದ್ರೂ ಕಣ್ಣಾರೆ ನೋಡಿದ್ದೀರಾ? ಆಗಿದ್ರೆ ಯಾವ ಥರ ಮಾಡಿದ್ರಿ? ಇನ್‌ಸ್ಪೆಕ್ಷನ್ ದಿನ ತೋರಿಸೋ ಚಾರ್ಟು ಇನ್ನೊಂದು ನನಗೆ ಬೇಡ.

ಕರಾವಳಿ_ಮಾಷ್ಟ್ರು:

ಮೇಡಂ, ಖಂಡಿತ ಮಾಡಿಸಿ. ನಿಮ್ಮ ಕೊನೆಯ ಸಾಲು ಓದಿ ಖುಷಿಯಾಯ್ತು, ಯಾಕಂದ್ರೆ ಹೆಚ್ಚಿನ ಶಾಲೆಗಳಲ್ಲಿ ಗೋಡೆ ಪತ್ರಿಕೆ ಅಂತ ಒಂದು ಉಂಟಲ್ಲ, ಅದು ಪತ್ರಿಕೆಯೇ ಅಲ್ಲ ಮಾರಾಯ್ರೆ. ಸುತ್ತ ಮಿಂಚಿನ ಅಂಚು, ನಡುವೆ ಎರಡು ಸುವಿಚಾರ, ಒಂದು ಗಾದೆ, ಗುಲಾಬಿ ಹೂವಿನ ಚಿತ್ರ, ಕ್ಲಾಸಲ್ಲಿ ಯಾರ ಅಕ್ಷರ ದುಂಡಗೆ ಉಂಟೋ ಅವಳೇ ಎಲ್ಲವನ್ನೂ ಬರೆಯುವುದು, ಆಮೇಲೆ ಬಿಸಿಲಿಗೆ ಬಣ್ಣ ಹೋಗುವವರೆಗೆ ಅದು ಅಲ್ಲೇ. ಅದರಿಂದ ಓದು ಸುಧಾರಿಸುವುದಿಲ್ಲ, ಸ್ಕೆಚ್ ಪೆನ್ ಖರ್ಚಾಗ್ತದೆ ಅಷ್ಟೆ.

ನಮ್ಮಲ್ಲಿ ಒಂದೇ ನಿಯಮ. ಹೋಗಿ ಯಾರನ್ನಾದರೂ ಕೇಳಿರಬೇಕು, ಇಲ್ಲ ಏನನ್ನಾದರೂ ಅಳೆದಿರಬೇಕು, ಎಣಿಸಿರಬೇಕು. ಕೂತಲ್ಲೇ ಬರೆದದ್ದಕ್ಕೆ ಜಾಗ ಇಲ್ಲ. ಕವನ ಬೇಕಾದ್ರೆ ಬೇರೆ ಹಾಳೆಯಲ್ಲಿ ಹಾಕುವ, ಬೇಡ ಅಂತಲ್ಲ.

ಉದಾಹರಣೆ ಕೊಡ್ತೇನೆ. ಜೂನ್‌ನಲ್ಲಿ ಒಬ್ಬ ಹುಡುಗ "ನಮ್ಮೂರಿನಲ್ಲಿ ಭಾರೀ ಮಳೆ" ಅಂತ ಬರೆದು ತಂದ. ಇನ್ನೊಬ್ಬಳು ಅಲ್ಲೇ ಕೇಳಿದಳು, ಭಾರೀ ಅಂದ್ರೆ ಎಷ್ಟು ಅಂತ. ಅವನ ಹತ್ರ ಉತ್ತರ ಇಲ್ಲ, ನನ್ನ ಹತ್ರವೂ ಇರಲಿಲ್ಲ. ಹುಡುಕಿದಾಗ ಹವಾಮಾನ ಇಲಾಖೆಯ ಲೆಕ್ಕ ಸಿಕ್ತು, 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದ್ರೆ ಮಾತ್ರ ಅದು ಭಾರೀ ಮಳೆ, 115.5 ದಾಟಿದ್ರೆ ಅತಿ ಭಾರೀ. ಸರಿ, ಮೇಲಿಂದ ಕೆಳಗೆ ಒಂದೇ ಅಗಲ ಇರುವ ಬಾಟಲಿ ಒಂದರ ತಲೆ ಕತ್ತರಿಸಿ, ಪಕ್ಕಕ್ಕೆ ಸ್ಕೇಲು ಅಂಟಿಸಿ ಅಂಗಳದಲ್ಲಿಟ್ಟರು. ಮಾರನೇ ದಿನ ನೋಡಿದ್ರೆ 38 ಮಿ.ಮೀ.! ಹುಡುಗನಿಗೆ ಭಯಂಕರ ಬೇಸರ, ಅವನ ಸುದ್ದಿ ಹೋಯ್ತಲ್ಲ. ಆಮೇಲೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಪಂಚಾಯತ್ ಮಟ್ಟದಲ್ಲಿ ಮಳೆಮಾಪಕ ಇಟ್ಟಿದ್ದಾರಲ್ಲ, ಅವರ ಅಂಕಿ ನೋಡಿದ್ರೆ ನಮ್ಮದಕ್ಕಿಂತ ಜಾಸ್ತಿ. ಯಾಕೆ ಹಾಗೆ? ಮಕ್ಕಳೇ ಕಂಡುಹಿಡಿದರು, ನಮ್ಮ ಬಾಟಲಿ ಇದ್ದದ್ದು ಹಲಸಿನ ಮರದ ಬುಡದಲ್ಲಿ. ಕೊನೆಗೆ ಅಚ್ಚಾದದ್ದು "ಭಾರೀ ಮಳೆ" ಅಲ್ಲ, "ಮರದ ಕೆಳಗೆ ಮಳೆ ಅಳೆದರೆ ಏನಾಗುತ್ತದೆ" ಅಂತ. ವಿಜ್ಞಾನ ಮೇಡಂ ಬಂದು ಇದನ್ನು ನನ್ನ ಕ್ಲಾಸಿನ ಚಟುವಟಿಕೆ ಅಂತ ಬರ್ಕೊಳ್ತೇನೆ ಅಂದ್ರು, ಬರ್ಕೊಳ್ಳಿ ಅಂದೆ.

ಇದರಲ್ಲಿ ಬರಹ ಸುಧಾರಿಸಿದ್ದು ಕೊನೆಗೆ, ಮೊದಲು ಸುಧಾರಿಸಿದ್ದು ಕೇಳುವುದು. ನಿಮ್ಮ ಕೆರೆಗೂ ಇದೇ ಮಾಡಿ, ಬರೆಯಲು ಹೇಳುವ ಮೊದಲು ಒಂದು ಕೋಲು ಕೊಟ್ಟು ಕಳಿಸಿ (ಈಜು ಬರುವ ದೊಡ್ಡವರು ಒಬ್ಬರು ಜೊತೆಗಿರಲಿ, ಅದು ಮುಖ್ಯ).

ಇನ್ನೊಂದು, ಫ್ರಾನ್ಸಿನಲ್ಲಿ ಸೆಲೆಸ್ಟಿನ್ ಫ್ರೆನೆ ಅಂತ ಒಬ್ಬ ಹಳ್ಳಿ ಮಾಷ್ಟ್ರು ಇದ್ದರು. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಪೆಟ್ಟಾಗಿ ತುಂಬ ಹೊತ್ತು ಮಾತಾಡಿ ಪಾಠ ಮಾಡಲಿಕ್ಕೆ ಆಗ್ತಿರಲಿಲ್ಲ. 1920ರ ದಶಕದಲ್ಲಿ ಕ್ಲಾಸಿಗೇ ಒಂದು ಸಣ್ಣ ಅಚ್ಚಿನ ಯಂತ್ರ ತಂದಿಟ್ಟು, ಮಕ್ಕಳು ಬರೆದದ್ದನ್ನು ಮಕ್ಕಳೇ ಮೊಳೆ ಜೋಡಿಸಿ ಅಚ್ಚು ಹಾಕುವುದು, ಅದನ್ನು ದೂರದ ಇನ್ನೊಂದು ಶಾಲೆಗೆ ಅಂಚೆಯಲ್ಲಿ ಕಳಿಸುವುದು, ಅಲ್ಲಿಯ ಮಕ್ಕಳ ಪತ್ರಿಕೆ ಇಲ್ಲಿಗೆ ಬರುವುದು. ಈ ಅದಲುಬದಲು ಇದೆಯಲ್ಲ, ಅದು ಬಹಳ ಕೆಲಸ ಮಾಡ್ತದೆ. ನಮ್ಮೂರಿನವರಿಗೆ ಬರೆಯುವಾಗ ಅರ್ಧ ವಿಷಯ ಬಿಟ್ಟುಬಿಡ್ತಾರೆ, ಎಲ್ಲರಿಗೂ ಗೊತ್ತಲ್ಲ ಅಂತ. ಕಂಬಳ ನೋಡದವರಿಗೆ ಕಂಬಳ ಬರೆಯುವಾಗ ಕೋಣ ಎಷ್ಟು, ಗದ್ದೆ ಎಷ್ಟು ಉದ್ದ, ಗೆದ್ದದ್ದು ಹೇಗೆ ಗೊತ್ತಾಗ್ತದೆ, ಎಲ್ಲ ಹೇಳ್ಬೇಕು.

ಗಣಿತ_ತುಮಕೂರು:

ಸ್ವಲ್ಪ ತಣ್ಣೀರು ಎರಚ್ತೀನಿ, ಬೇಜಾರು ಮಾಡ್ಕೋಬೇಡಿ ಮೇಡಂ. ನಾನೂ ಸರ್ಕಾರಿ ಹೈಸ್ಕೂಲಲ್ಲೇ ಗಣಿತ ಹೇಳ್ಕೊಡೋದು. ಇಂಥವು ಶುರುವಾದಾಗ ನೋಡಿದ್ದೇನಂದ್ರೆ, ಪ್ರತಿಭಾ ಕಾರಂಜಿಗೆ ಹೋಗೋ ಅದೇ ನಾಲ್ಕು ಮಕ್ಕಳು ಸಂಪಾದಕರು, ಅದೇ ನಾಲ್ಕು ಮಕ್ಕಳು ವರದಿಗಾರರು, ಉಳಿದವರು ಚಾರ್ಟ್ ಹಿಡ್ಕೊಂಡು ನಿಲ್ಲೋರು ಗೋಂದು ಹಚ್ಚೋರು. ಆ ನಾಲ್ಕು ಜನ ಪತ್ರಿಕೆ ಇಲ್ಲದಿದ್ರೂ ಚೆನ್ನಾಗೇ ಓದ್ತಿದ್ರು. ಜೊತೆಗೆ ಸಿಲಬಸ್ಸು, ಎಫ್ಎ, ಎಸ್ಎ ಅಂತ ವರ್ಷವಿಡೀ ಮೌಲ್ಯಮಾಪನ, ಆನ್‌ಲೈನ್ ಎಂಟ್ರಿ, ಇದರ ಮಧ್ಯೆ ಟೈಮ್ ಎಲ್ಲಿಂದ ತರ್ತೀರಿ?

ಆದ್ರೂ ಮಾಡೋದೇ ಆದ್ರೆ ದಯವಿಟ್ಟು ಗಣಿತದವರನ್ನ ಒಳಗೆ ಸೇರಿಸ್ಕೊಳ್ಳಿ. ಕನ್ನಡ ಟೀಚರ್ ಒಬ್ಬರ ತಲೆಮೇಲೆ ಬಿದ್ರೆ ಅದು ಕಥೆ-ಕವನ ಆಗೋಗುತ್ತೆ. ಹತ್ತನೇ ಕ್ಲಾಸಿನ ಸಂಖ್ಯಾಶಾಸ್ತ್ರದ ಪಾಠ ನೋಡಿ, ಸರಾಸರಿ, ಮಧ್ಯಾಂಕ, ಬಹುಲಕ, ಮಕ್ಕಳು ಸೂತ್ರ ಹಾಕಿ ಉತ್ತರ ತೆಗೀತಾರೆ, ಯಾವುದನ್ನ ಯಾವಾಗ ಹೇಳ್ಬೇಕು ಅಂತ ಕೇಳಿದ್ರೆ ಮುಖ ಮುಖ ನೋಡ್ತಾರೆ. ವರದಿಗೆ ಇದು ಹೇಳಿಮಾಡಿಸಿದ್ದು.

ಹೀಗೆ ಯೋಚ್ನೆ ಮಾಡಿ, ಹನ್ನೊಂದು ಮಕ್ಕಳನ್ನ ಮನೆ ಎಷ್ಟು ದೂರ ಅಂತ ಕೇಳಿದ್ರು ಅಂದ್ಕೊಳ್ಳಿ. ಕಿ.ಮೀ. ಲೆಕ್ಕದಲ್ಲಿ 1, 1, 1, 2, 2, 2, 3, 3, 3, 4, ಕೊನೇ ಹುಡುಗ ಮಾತ್ರ ಬಸ್ಸಲ್ಲಿ 22 ಕಿ.ಮೀ.ಯಿಂದ ಬರ್ತಾನೆ. ಒಟ್ಟು 44, ಸರಾಸರಿ 4. ಈಗ ಯಾರೋ ತಲೆಬರಹ ಕೊಟ್ರು, "ನಮ್ಮ ಶಾಲೆಗೆ ಮಕ್ಕಳು ಸರಾಸರಿ ನಾಲ್ಕು ಕಿ.ಮೀ. ದೂರದಿಂದ ಬರುತ್ತಾರೆ." ಲೆಕ್ಕ ಸರಿಯಾಗಿದೆ, ಒಂದಂಕಿಯೂ ತಪ್ಪಿಲ್ಲ, ಆದ್ರೆ ಹನ್ನೊಂದರಲ್ಲಿ ಒಂಬತ್ತು ಮಕ್ಕಳು ಮೂರು ಕಿ.ಮೀ. ಒಳಗೇ ಇರೋರು! ಮಧ್ಯಾಂಕ 2. ಯಾವುದನ್ನ ಹಾಕ್ಬೇಕು ಅಂತ ಮಕ್ಕಳು ಜಗಳ ಆಡ್ಲಿ. ಮತ್ತೆ ಆ 22 ಕಿ.ಮೀ. ಹುಡುಗನೇ ನಿಜವಾದ ಸುದ್ದಿ ಅಂತ ಯಾವನಿಗಾದ್ರೂ ಹೊಳೀಬೇಕು, ಅವನ ಬಸ್ ತಪ್ಪಿದ್ರೆ ಏನ್ಮಾಡ್ತಾನೆ, ಬೆಳಗ್ಗೆ ಎಷ್ಟೊತ್ತಿಗೆ ಏಳ್ತಾನೆ. ಅಷ್ಟು ಹೊಳೆದ ಮಗು ಆ ಪಾಠ ಮರೆಯಲ್ಲ, ಅದನ್ನ ನಾನು ಬರ್ಕೊಡ್ತೀನಿ.

ಇಷ್ಟಾದ್ರೂ ರಿಸಲ್ಟ್ ಏರುತ್ತೆ ಅಂತ ನಿಮ್ಮ ಎಚ್ಎಂಗೆ ಮಾತು ಕೊಡ್ಬೇಡಿ.

ನ್ಯೂಜರ್ಸಿ_ಕನ್ನಡತಿ:

ನಾನು ಟೀಚರ್ ಅಲ್ಲ, ಇಲ್ಲಿ ಅಮೆರಿಕದಲ್ಲಿ ಹೈಸ್ಕೂಲ್ ಓದ್ತಿರೋ ಮಗಳ ಅಮ್ಮ ಅಷ್ಟೇ. ಮಗಳು ಸ್ಕೂಲ್ ಪೇಪರಲ್ಲಿದ್ದಾಳೆ, ಇಲ್ಲಿ ಅದು ಕ್ಲಬ್ ಥರಾನೂ ಇರುತ್ತೆ, ಕೆಲವು ಸ್ಕೂಲಲ್ಲಿ ಕ್ರೆಡಿಟ್ ಕೊಡೋ ಕ್ಲಾಸೇ ಇರುತ್ತೆ. ಅವಳು ಒಂದ್ಸಲ "ಹೆಚ್ಚಿನ ಸ್ಟೂಡೆಂಟ್ಸ್ ತಿಂಡಿ ತಿನ್ನದೇ ಸ್ಕೂಲಿಗೆ ಬರ್ತಾರೆ" ಅಂತ ಬರೆದಿದ್ಲು, ಅಡ್ವೈಸರ್ ಮೇಡಂ ಆ ಸಾಲಿನ ಪಕ್ಕ ಪೆನ್ಸಿಲಲ್ಲಿ "ನಿನಗೆ ಹೇಗೆ ಗೊತ್ತು?" ಅಂತ ಮಾತ್ರ ಬರೆದು ವಾಪಸ್ ಕಳಿಸಿದ್ರು. ಆಮೇಲೆ ಇವಳು ಲಂಚ್ ಟೈಮಲ್ಲಿ ಟೇಬಲ್ ಟೇಬಲ್‌ಗೆ ಹೋಗಿ ಕೇಳ್ಕೊಂಡು ಬಂದ್ಲು. ಈಗ ಮನೇಲಿ ನಾವು ವಾಟ್ಸಪ್ ಫಾರ್ವರ್ಡ್ ಓದಿ ಹೇಳಿದ್ರೂ ಅದೇ ಪ್ರಶ್ನೆ, ನಮ್ಮತ್ತೆಗಂತೂ ಸಾಕುಸಾಕಾಗಿದೆ.

ಸಂಶೋಧನೆ ಬೇಕು ಅಂದ್ರೆ ಇಂಡಿಯಾನಾ ಯೂನಿವರ್ಸಿಟಿಯ ಜ್ಯಾಕ್ ಡ್ವೊರಾಕ್ ಅನ್ನೋ ಪ್ರೊಫೆಸರ್ ಇದನ್ನೇ ಅಧ್ಯಯನ ಮಾಡಿದ್ದಾರೆ, 1994ರಲ್ಲಿ ಒಂದು ಪುಸ್ತಕ ಬಂತು, 2008ರಲ್ಲಿ ಇನ್ನೊಂದು ವರದಿ. ಸ್ಕೂಲ್ ಪೇಪರಲ್ಲೋ ಇಯರ್‌ಬುಕ್ಕಲ್ಲೋ ಕೆಲಸ ಮಾಡಿದ ಮಕ್ಕಳಿಗೆ ಹೈಸ್ಕೂಲ್ ಗ್ರೇಡು, ಎಸಿಟಿ ಅನ್ನೋ ಕಾಲೇಜು ಪ್ರವೇಶ ಪರೀಕ್ಷೆ, ಕಾಲೇಜಿನ ಮೊದಲ ವರ್ಷದ ಗ್ರೇಡು, ಮೂರೂ ಉಳಿದವರಿಗಿಂತ ಚೆನ್ನಾಗಿತ್ತು ಅಂತ. ಎಚ್ಎಂ ಸರ್‌ಗೆ ತೋರಿಸಬಹುದು.

ಮತ್ತೆ 2017ರ ಕನ್ಸಾಸ್ ಕಥೆ ಗೊತ್ತಾ? ಪಿಟ್ಸ್‌ಬರ್ಗ್ ಅಂತ ಒಂದು ಊರು (ದೊಡ್ಡ ಪಿಟ್ಸ್‌ಬರ್ಗ್ ಅಲ್ಲ), ಅಲ್ಲಿಯ ಹೈಸ್ಕೂಲಿಗೆ ಹೊಸ ಪ್ರಿನ್ಸಿಪಾಲ್ ನೇಮಕ ಆದ್ರು, ಸ್ಕೂಲ್ ಪೇಪರಿನ ಮಕ್ಕಳು ಸ್ವಾಗತದ ಲೇಖನ ಬರೆಯೋಕೆ ಅಂತ ಅವರ ಡಿಗ್ರಿ ಕೊಟ್ಟ ಯೂನಿವರ್ಸಿಟಿ ಹೆಸರು ಹುಡುಕಿದ್ರೆ ಅದಕ್ಕೆ ಮಾನ್ಯತೆನೇ ಇಲ್ಲ! ಮಕ್ಕಳು ಒಂದೊಂದೇ ಕಡೆ ಕೇಳಿ, ಪರಿಶೀಲಿಸಿ, ಬರೆದ್ರು. ಅವರು ಕೆಲಸಕ್ಕೆ ಸೇರೋ ಮೊದಲೇ ರಾಜೀನಾಮೆ ಕೊಟ್ರು. ಕನ್ಸಾಸಲ್ಲಿ 1992ರಿಂದಲೇ ಸ್ಟೂಡೆಂಟ್ ಪತ್ರಿಕೆಗಳಿಗೆ ರಕ್ಷಣೆ ಕೊಡೋ ಕಾನೂನಿದೆ, ಅದಕ್ಕೇ ಸಾಧ್ಯ ಆಯ್ತು. ಪಕ್ಕದ ಮಿಸೌರಿ ರಾಜ್ಯದ ಕೇಸಲ್ಲಿ 1988ರಲ್ಲಿ ಸುಪ್ರೀಂ ಕೋರ್ಟ್, ಸ್ಕೂಲ್ ಪತ್ರಿಕೆಯಿಂದ ಪ್ರಿನ್ಸಿಪಾಲ್ ಪುಟ ತೆಗೆಸಿದ್ದು ಸರಿ ಅಂತ ತೀರ್ಪು ಕೊಟ್ಟಿತ್ತು. ನಮ್ಮ ನ್ಯೂಜರ್ಸಿಗೆ ಅಂಥ ಕಾನೂನು ಬಂದಿದ್ದು 2021ರಲ್ಲಿ.

ಗಣಿತ_ತುಮಕೂರು:

ಅಕ್ಕಾ, ಕನ್ಸಾಸ್ ಕಥೆ ಸೂಪರ್. ಆದ್ರೆ ಆ ಡ್ವೊರಾಕ್ ಅವರ ಲೆಕ್ಕಕ್ಕೆ ನಿಮ್ಮ ಮಗಳ ಅಡ್ವೈಸರ್ ಕೇಳಿದ ಪ್ರಶ್ನೆಯನ್ನೇ ಕೇಳ್ಬೇಕು. ಸ್ಕೂಲ್ ಪೇಪರಿಗೆ ಸೇರೋ ಮಕ್ಕಳು ಮೊದಲಿಂದಲೇ ಓದೋರು, ಮನೇಲೂ ಪುಸ್ತಕ ಇರೋರು ಆಗಿದ್ರೆ? ಪತ್ರಿಕೆಯಿಂದ ಮಾರ್ಕ್ಸ್ ಬಂತಾ, ಮಾರ್ಕ್ಸ್ ತೆಗೆಯೋರೇ ಪತ್ರಿಕೆಗೆ ಬಂದ್ರಾ? ಜೊತೆಗಿತ್ತು ಅನ್ನೋದು ಬೇರೆ, ಇದರಿಂದಲೇ ಆಯ್ತು ಅನ್ನೋದು ಬೇರೆ. ನಮ್ಮ ಜಿಮ್‌ಗೆ ಬರೋರೆಲ್ಲ ಸಣ್ಣಗಿದ್ದಾರೆ ಅಂತ ಬೋರ್ಡ್ ಹಾಕ್ದಂಗೆ.

ಅದಕ್ಕೇ ನಾನು ಹೇಳಿದ್ದು, ಆಸಕ್ತಿ ಇರೋರು ಬನ್ನಿ ಅನ್ಬೇಡಿ, ಇಡೀ ಕ್ಲಾಸಿಗೇ ಸರದಿ ಮೇಲೆ ಹಾಕಿ. ಈ ತಿಂಗಳು ವರದಿಗಾರ, ಮುಂದಿನ ತಿಂಗಳು ಅಂಕಿ ಪರಿಶೀಲಿಸೋನು, ಆಮೇಲೆ ತಲೆಬರಹ. ಅಂಕಿ ಪರಿಶೀಲಿಸೋ ಕೆಲಸ ಗಣಿತದಲ್ಲಿ ಹಿಂದಿರೋ ಮಕ್ಕಳಿಗೇ ಕೊಡಿ, ಇನ್ನೊಬ್ಬನ ತಪ್ಪು ಹುಡುಕೋಕೆ ಅಂದ್ರೆ ಎಂಥವನೂ ಕೂಡ್ತಾನೆ ಕಳೀತಾನೆ.

ರಾತ್ರಿಪಾಳಿ_ಉಪಸಂಪಾದಕ:

ಕನ್ನಡ ಪತ್ರಿಕೆಯೊಂದರ ಡೆಸ್ಕಲ್ಲಿ ಬಹಳ ವರ್ಷದಿಂದ ಇದೀನಿ. ಟೀಚರಮ್ಮ ಹೇಳಿದ ಗೈಡ್ ಭಾಷೆ ಬರೀ ಮಕ್ಕಳದ್ದಲ್ಲ, ನಮಗೆ ಬರೋ ಪ್ರೆಸ್‌ನೋಟ್‌ಗಳದ್ದೂ ಅದೇ. ನೀವು ಮಕ್ಕಳ ಕೈಲಿ ಸ್ವಾತಂತ್ರ್ಯ ದಿನಾಚರಣೆ ವರದಿ ಬರೆಸಿ ನೋಡಿ, ನೂರಕ್ಕೆ ನೂರು ಹೀಗೆ ಬರುತ್ತೆ:

"ನಮ್ಮ ಶಾಲೆಯಲ್ಲಿ ಸ್ವಾತಂತ್ರ್ಯ ದಿನಾಚರಣೆಯನ್ನು ಅದ್ದೂರಿಯಾಗಿ ಆಚರಿಸಲಾಯಿತು. ಗಣ್ಯರು ಆಗಮಿಸಿ ಕಾರ್ಯಕ್ರಮಕ್ಕೆ ಶೋಭೆ ತಂದರು. ಮಕ್ಕಳಿಗೆ ಸಿಹಿ ಹಂಚಲಾಯಿತು."

ಇದನ್ನ ಕೆಂಪು ಪೆನ್ನಲ್ಲಿ ಹೊಡೀಬೇಡಿ. ಪಕ್ಕದಲ್ಲಿ ಕೂತು ಕೇಳಿ. ಯಾರು ಹಾರಿಸಿದ್ರು? ಸರಿಯಾಗಿ ಹಾರ್ತಾ? ಏನು ಸಿಹಿ, ಎಲ್ಲರಿಗೂ ಸಿಕ್ತಾ? ಯಾರಾದ್ರೂ ತಲೆಸುತ್ತಿ ಬಿದ್ರಾ? ಆಗ ಮಗು ಬಾಯ್ಬಿಡುತ್ತೆ. ಎರಡನೇ ಸಲ ಬರೆದದ್ದು ಹೀಗಿರಬಹುದು:

"ಹಗ್ಗದ ಗಂಟು ಬಿಚ್ಚಲಿಲ್ಲ. ಪಿ.ಟಿ. ಸರ್ ಕುರ್ಚಿ ಹತ್ತಿ ಬಿಡಿಸುವವರೆಗೆ ನಾವೆಲ್ಲ ಸೆಲ್ಯೂಟ್ ಹೊಡೆದೇ ನಿಂತಿದ್ದೆವು. ಲಾಡು ಹತ್ತನೇ ತರಗತಿಗೆ ಬರುವಷ್ಟರಲ್ಲಿ ಖಾಲಿ. ಮತ್ತೆ ತರಿಸಿದ್ದು ಮಧ್ಯಾಹ್ನ."

ಈ ಎರಡನೆಯದನ್ನ ಯಾವ ಗೈಡಿಂದಲೂ ನಕಲು ಮಾಡೋಕಾಗಲ್ಲ. ಮೊದಲನೇ ಕರಡಿಂದ ಇಲ್ಲಿಗೆ ಬರೋ ಹೊತ್ತಿಗೆ ಮಗು ನೆನಪಿಸ್ಕೊಂಡಿದೆ, ಬೇಕಾದ್ದು ಬೇಡದ್ದು ಆರಿಸಿದೆ, ಯಾವುದು ಮೊದಲು ಹೇಳ್ಬೇಕು ಅಂತ ನಿರ್ಧಾರ ಮಾಡಿದೆ. ನಿಮ್ಮ ಪರೀಕ್ಷೇಲಿ ಸಾರಾಂಶ ಬರೀರಿ ಅಂತ ಕೇಳ್ತೀರಲ್ಲ, ಆರೇ ಪದದಲ್ಲಿ ತಲೆಬರಹ ಕೊಡೋ ಹುಡುಗನಿಗೆ ಅದೇನು ದೊಡ್ಡದಲ್ಲ.

ಎರಡು ಕಿವಿಮಾತು. ಒಂದೇ ಕರಡಿಗೆ ಬಿಡಬೇಡಿ, ಕಮ್ಮಿ ಲೇಖನ ಬಂದ್ರೂ ಪರವಾಗಿಲ್ಲ, ಪ್ರತಿಯೊಂದೂ ಎರಡು ಮೂರು ಸಲ ತಿದ್ದಿ ಬರಲಿ, ಲಾಭ ಇರೋದೆಲ್ಲ ಆ ತಿದ್ದೋದ್ರಲ್ಲೇ. ಮತ್ತೆ ಮೂಲೇಲಿ "ತಿದ್ದುಪಡಿ" ಅಂತ ಒಂದು ಚೌಕ ಇಡಿ, ಹೋದ ಸಂಚಿಕೇಲಿ ತಪ್ಪಾಗಿದ್ದು ಅಲ್ಲಿ ಹಾಕಿ. ಮೊದಮೊದಲು ಮಕ್ಕಳು ನಾಚ್ಕೊಳ್ತಾರೆ, ಆಮೇಲೆ ಎಲ್ಲರೂ ಮೊದಲು ಓದೋದೇ ಅದನ್ನ.

ಎಚ್ಎಂ ಸಾಹೇಬ್ರಿಗೆ ಅಮೆರಿಕದ ಸಂಶೋಧನೆ ಬೇಡ ಬಿಡಿ. ಎಸ್ಸೆಸ್ಸೆಲ್ಸಿ ಪ್ರಥಮ ಭಾಷೆ ಪೇಪರಲ್ಲಿ ಪತ್ರಲೇಖನ ಇರುತ್ತಲ್ಲ, ನಿಮ್ಮ ಶಾಲೆಯಲ್ಲಿ ನಡೆದ ಕಾರ್ಯಕ್ರಮದ ವರದಿ ಪ್ರಕಟಿಸುವಂತೆ ಕೋರಿ ಸಂಪಾದಕರಿಗೆ ಪತ್ರ ಬರೆಯಿರಿ ಅಂತ ಕೇಳ್ತಾನೇ ಇರ್ತಾರಲ್ಲ, ಅದನ್ನ ತೋರಿಸಿ. ಸಾಕು.

ಕನ್ನಡ_ಟೀಚರ್_ಹಾವೇರಿ:

ಅಯ್ಯೋ, ಆ ಪತ್ರಲೇಖನ ನನಗೇ ಹೊಳೆದಿರಲಿಲ್ಲ ನೋಡಿ, ವರ್ಷಾ ವರ್ಷಾ ನಾನೇ ಬರೆಸೋದು! ಎಲ್ಲರಿಗೂ ಬಹಳ ಥ್ಯಾಂಕ್ಸ್. ಗಣಿತ ಸರ್, ಸರದಿ ಮೇಲೆ ಹಾಕೋದು ಒಪ್ಪಿದೆ.

ಆದ್ರೆ ಅಲ್ಲೇ ಒಂದು ಸಿಕ್ಕು. ಇಡೀ ಕ್ಲಾಸು ಅಂದಾಗ ಸರಿಯಾಗಿ ಎರಡು ವಾಕ್ಯ ಬರೆಯೋಕೆ ಬಾರದ ಮಕ್ಕಳೂ ಇದ್ದಾರೆ. ಕೆಲವರ ಮನೆಯವರು ಕೆಲಸಕ್ಕೆ ಅಂತ ಆರು ತಿಂಗಳು ಗೋವಾ ಕಡೆ ಹೋಗಿ ಬರ್ತಾರೆ, ಆ ಮಕ್ಕಳ ಓದು ಅಲ್ಲಲ್ಲೇ ತುಂಡಾಗಿರುತ್ತೆ. ಅವರಿಗೆ ಏನು ಕೆಲಸ ಕೊಡ್ಲಿ? ಗೋಂದು ಹಚ್ಚೋದಕ್ಕೆ ಕೂರಿಸೋಕೆ ಮನಸ್ಸಿಲ್ಲ.

ಇನ್ನೊಂದು ಭಯ. ಮಕ್ಕಳು ನಿಜ ಬರೆಯೋಕೆ ಶುರು ಮಾಡಿದ್ರೆ ಮೊದಲು ಬರೆಯೋದೇ ಟಾಯ್ಲೆಟ್ಟಲ್ಲಿ ನೀರು ಬರಲ್ಲ ಅಂತ. ಆಮೇಲೆ ಶಾಲೆಯ ಉಸ್ತುವಾರಿ ಸಮಿತಿ, ಅದೇ ಎಸ್‌ಡಿಎಂಸಿಯವರು ಬಂದು ಇದೆಲ್ಲ ನಿಮಗ್ಯಾಕೆ ಬೇಕಿತ್ತು ಮೇಡಂ ಅಂದ್ರೆ?

ಗ್ರಂಥಾಲಯದ_ಗೆಳೆಯ:

ಹಳ್ಳಿ ಲೈಬ್ರರಿಗಳಲ್ಲಿ ಮಕ್ಕಳ ಜೊತೆ ಕೆಲಸ ಮಾಡ್ತೀನಿ. ಬರೆಯೋಕೆ ಬಾರದವರ ಪ್ರಶ್ನೆಗೆ ಒಳ್ಳೇ ಉತ್ತರ ದೆಹಲಿಯ 'ಬಾಲಕ್‌ನಾಮಾ'ದಲ್ಲಿದೆ. ಬೀದಿಯಲ್ಲಿ ಬದುಕೋ, ದುಡಿಯೋ ಮಕ್ಕಳೇ ನಡೆಸೋ ಹಿಂದಿ ಪತ್ರಿಕೆ ಅದು, 2003ರಲ್ಲಿ ಶುರುವಾಗಿದ್ದು, ಚೇತನಾ ಅನ್ನೋ ಸಂಸ್ಥೆ ಬೆನ್ನಿಗಿದೆ. ಅಲ್ಲಿ ಬರೆಯೋಕೆ ಬಾರದ ಮಕ್ಕಳೂ ವರದಿಗಾರರೇ. ಅವರನ್ನ ಬಾತೂನಿ ರಿಪೋರ್ಟರ್ ಅಂತಾರೆ, ಅಂದ್ರೆ ಮಾತುಗಾರ ವರದಿಗಾರರು. ಅವರು ಕಂಡಿದ್ದು ಕೇಳಿದ್ದನ್ನ ಹೇಳ್ತಾರೆ, ಬರೆಯೋಕೆ ಬರೋರು ಬರ್ಕೊಳ್ತಾರೆ. ನಿಮ್ಮ ಕ್ಲಾಸಲ್ಲೂ ಜೋಡಿ ಮಾಡಿ. ಬರ್ಕೊಂಡಿದ್ದನ್ನ ಹೇಳಿದ ಮಗುವಿನ ಮುಂದೆ ಜೋರಾಗಿ ಓದಿಸಿ, ಅದು "ನಾ ಹಂಗ ಅಂದಿಲ್ಲ" ಅಂದ್ರೆ ತಿದ್ದಬೇಕು. ಹೆಸರು ಇಬ್ಬರದ್ದೂ ಹಾಕಿ. ತನ್ನ ಮಾತೇ ಅಕ್ಷರ ಆಗಿ ಹೆಸರಿನ ಜೊತೆ ಗೋಡೆ ಮೇಲಿದ್ರೆ ಆ ಮಗು ಅದನ್ನ ಓದೋಕೆ ಒದ್ದಾಡುತ್ತೆ, ಓದಿಯೇ ತೀರುತ್ತೆ. ಮತ್ತೆ ಗೋವಾಕ್ಕೆ ಹೋಗಿ ಬಂದ ಮಗು ನಿಮ್ಮ ಪತ್ರಿಕೆಯ ಹೊರರಾಜ್ಯದ ವರದಿಗಾರ ಅಲ್ವಾ, ಬೇರೆ ಯಾರ ಹತ್ರ ಆ ಸುದ್ದಿ ಇದೆ?

ನಮ್ಮಲ್ಲೂ ಇದು ಹೊಸದೇನಲ್ಲ. ದುಡಿಯೋ ಮಕ್ಕಳ ಭೀಮ ಸಂಘ 1990ರಲ್ಲಿ ಕರ್ನಾಟಕದಲ್ಲೇ ಹುಟ್ಟಿದ್ದು, ಅವರ 'ಭೀಮ ಪತ್ರಿಕೆ' ಗೋಡೆ ಪತ್ರಿಕೆನೇ.

ಟಾಯ್ಲೆಟ್ ವಿಷಯಕ್ಕೆ ಬರೋಣ. ಮೊದಲ ಸಂಚಿಕೆಗೆ ಮುಂಚೆನೇ ಎಚ್ಎಂ ಜೊತೆ ಕೂತು ಮಾತಾಡ್ಕೊಳ್ಳಿ, ತಪ್ಪು ಅಂಕಿ ಇದ್ರೆ ತಡೆಯೋ ಹಕ್ಕು ಅವರಿಗಿದೆ, ಹಿಡಿಸಲಿಲ್ಲ ಅಂತ ತೆಗೆಯೋ ಹಾಗಿಲ್ಲ, ಆದ್ರೆ ಯಾರ ಬಗ್ಗೆ ಬರೆದ್ರೂ ಅವರ ಉತ್ತರ ಅದೇ ವರದೀಲಿ ಇರಲೇಬೇಕು. ನೀರು ಬರಲ್ಲ ಅಂತ ಬರೆಯೋ ಮಗು ಮೊದಲು ನಲ್ಲಿ ಎಷ್ಟಿದೆ, ಎಷ್ಟರಲ್ಲಿ ನೀರು ಬರುತ್ತೆ, ಯಾವತ್ತಿಂದ ಇಲ್ಲ ಅಂತ ಎಣಿಸಿ, ಆಮೇಲೆ ಎಸ್‌ಡಿಎಂಸಿ ಅಧ್ಯಕ್ಷರನ್ನೇ ಹೋಗಿ ಕೇಳಲಿ. ಕೇಳೋಕೆ ಬಂದ ಮಗುವಿನ ಮೇಲೆ ಸಿಟ್ಟು ಮಾಡೋರು ಕಮ್ಮಿ, ಕೇಳದೇ ಬರೆದ್ರೆ ಸಿಟ್ಟು ಬರೋದು ನ್ಯಾಯನೇ.

ನನ್ನ ಕೇಳಿದ್ರೆ ಮೊದಲ ದೊಡ್ಡ ವರದಿಗೆ ಮಕ್ಕಳ ಗ್ರಾಮಸಭೆ ಹಿಡ್ಕೊಳ್ಳಿ. ನವೆಂಬರ್ ಆಸುಪಾಸಿಗೆ ಪಂಚಾಯ್ತಿಯವರು ನಡೆಸ್ತಾರಲ್ಲ, ಹೋದ ವರ್ಷದ ಸಭೆಯ ನಡಾವಳಿ ಕೇಳಿ ತಗೊಳ್ಳಿ, ಮಕ್ಕಳು ಏನೇನು ಕೇಳಿದ್ರು, ಪಿಡಿಒ ಏನು ಹೇಳಿದ್ರು, ಅದರಲ್ಲಿ ಆಗಿದ್ದೆಷ್ಟು ಅಂತ ಒಂದೊಂದೇ ಸ್ಥಳಕ್ಕೆ ಹೋಗಿ ನೋಡ್ಲಿ. ನಡಾವಳಿಯ ಭಾಷೆ ಓದಿ ಅರ್ಥ ಮಾಡ್ಕೊಳ್ಳೋದೇ ಒಂದು ಪಾಠ, ದೊಡ್ಡವರಿಗೂ ಅದು ಕಷ್ಟ. ನಮ್ಮ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಸ್ಥಳೀಯ ಸರ್ಕಾರ ಅಂತ ಪಾಠ ಇದೆ, ಅದನ್ನ ಇದಕ್ಕಿಂತ ಚೆನ್ನಾಗಿ ಹೇಳ್ಕೊಡೋಕೆ ಆಗಲ್ಲ. ಹಳ್ಳಿ ವರದಿ ಹೇಗಿರುತ್ತೆ ಅಂತ ತೋರಿಸೋಕೆ ಪಿ. ಸಾಯಿನಾಥ್ ಅವರು 2014ರಲ್ಲಿ ಶುರು ಮಾಡಿದ 'ಪರಿ' ತಾಣ ನೋಡಿ, ಕನ್ನಡದಲ್ಲೂ ಇದೆ, ವಿದ್ಯಾರ್ಥಿಗಳು ಮಾಡಿದ ವರದಿಗಳಿಗೇ ಅಲ್ಲಿ ಒಂದು ವಿಭಾಗ ಇದೆ.

ಒಂದು ಎಚ್ಚರ ಮಾತ್ರ ಇರಲಿ. ಯಾವುದಾದ್ರೂ ಮಗು ಬಾಲ್ಯವಿವಾಹದ್ದೋ, ಮನೇಲಿ ಹೊಡೆತ ಬಡಿತದ್ದೋ ವಿಷಯ ತಂದ್ರೆ ಅದು ಗೋಡೆಗೆ ಹಾಕೋ ಸುದ್ದಿ ಅಲ್ಲ, ಅದು 1098ಕ್ಕೆ ಫೋನ್ ಮಾಡೋ ವಿಷಯ. ಹೆಸರು ಬದಲಿಸಿ ಹಾಕ್ತೀವಿ ಅನ್ನೋದೂ ಬೇಡ, ಊರು ಚಿಕ್ಕದು, ಎಲ್ಲರಿಗೂ ಗೊತ್ತಾಗುತ್ತೆ. ಪತ್ರಿಕೆ ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕೋ ಮುಂಚೆನೂ ಯೋಚ್ನೆ ಮಾಡಿ.

ಗಣಿತ_ತುಮಕೂರು:

ನಡಾವಳಿ ಐಡಿಯಾ ಭರ್ಜರಿ. ಕೇಳಿದ್ದೆಷ್ಟು, ಆಗಿದ್ದೆಷ್ಟು, ಶೇಕಡಾವಾರು ಅವರೇ ತೆಗೀಲಿ. ಬರೀ ಶೇಕಡಾ ಹಾಕೋಕೆ ಬಿಡ್ಬೇಡಿ ಮತ್ತೆ, ನಾಲ್ಕರಲ್ಲಿ ಒಂದು ಆಗಿದ್ದನ್ನ ಶೇ 25 ಅಂತ ಬರೆದ್ರೆ ದೊಡ್ಡ ಸರ್ವೇ ಥರ ಕಾಣುತ್ತೆ.

ಕನ್ನಡ_ಟೀಚರ್_ಹಾವೇರಿ:

ಇವತ್ತು ಎಚ್ಎಂ ಸರ್ ಜೊತೆ ಮಾತಾಡಿದೆ. ಪತ್ರಲೇಖನದ ಮಾತು ಹೇಳಿದ ತಕ್ಷಣ "ಹಂಗಾರ ಮಾಡ್ರಿ" ಅಂದ್ರು, ಆದ್ರೆ ಹತ್ತನೇ ಕ್ಲಾಸಿನವರನ್ನೂ ಸೇರಿಸ್ಕೊಂಡ್ರೆ ಡಿಸೆಂಬರ್ ನಂತರ ಅವರನ್ನ ಮುಟ್ಟಬಾರದು ಅಂತ ಷರತ್ತು, ಒಪ್ಪಿದೆ. ವಿಜ್ಞಾನ ಸರ್ ಬರ್ತೀನಿ ಅಂದಿದ್ದಾರೆ, ಗಣಿತದವರು ಇನ್ನೂ ಯೋಚ್ನೆ ಮಾಡ್ತಿದ್ದಾರೆ, ನಿಮ್ಮ 22 ಕಿ.ಮೀ. ಲೆಕ್ಕ ತೋರಿಸ್ತೀನಿ ಅವರಿಗೆ. ತಿಂಗಳಿಗೊಂದು ಅಂತ ಹೊರಟಿದ್ದೆ, ಎರಡು ಮೂರು ಸಲ ತಿದ್ದಿಸಬೇಕು ಅಂದ್ರೆ ಅದು ಆಗಲ್ಲ ಅನ್ನಿಸ್ತು, ಎರಡು ತಿಂಗಳಿಗೊಂದು ಮಾಡ್ತೀವಿ.

ಒಂದೇ ಸಣ್ಣ ಡೌಟು, ಕರಾವಳಿ ಸರ್, ನೀವು ಎಲ್ಲಿ ಹಾಕ್ತೀರಿ? ನಮ್ಮಲ್ಲಿ ನೋಟಿಸ್ ಬೋರ್ಡ್ ಇರೋದು ಆಫೀಸ್ ರೂಮಿನ ಪಕ್ಕ, ಅಲ್ಲಿಗೆ ಮಕ್ಕಳು ಹೆದರಿ ಹೋಗೋದೇ ಇಲ್ಲ.

ಕರಾವಳಿ_ಮಾಷ್ಟ್ರು:

ಆಫೀಸ್ ಹತ್ರ ಬೇಡವೇ ಬೇಡ. ಬಿಸಿಯೂಟಕ್ಕೆ ಸಾಲು ನಿಲ್ಲುವ ಗೋಡೆ ಉಂಟಲ್ಲ, ಅಲ್ಲಿ ಹಾಕಿ, ಎಂಟನೇ ಕ್ಲಾಸಿನವರ ಕಣ್ಣಿನ ಎತ್ತರಕ್ಕೆ. ತಟ್ಟೆ ಹಿಡಿದು ನಿಂತವರಿಗೆ ಬೇರೆ ಕೆಲಸ ಇರುವುದಿಲ್ಲ, ಓದಿಯೇ ಓದ್ತಾರೆ. ಅಕ್ಷರ ದೊಡ್ಡದಿರಲಿ, ಎ3 ಹಾಳೆ ಎರಡು ಸಾಕು. ಕೆಳಗೆ ಒಂದು ಖಾಲಿ ಹಾಳೆಯನ್ನೂ ದಾರದಲ್ಲಿ ಕಟ್ಟಿದ ಪೆನ್ಸಿಲನ್ನೂ ಬಿಡಿ, ಓದಿದವರು ತಕರಾರು ಬರೆಯಲಿಕ್ಕೆ.

ಮತ್ತೆ ಮೇಡಂ, ನಾವು ಪ್ರತಿ ವರ್ಷ ಮೊದಲ ಸಂಚಿಕೆ ಜುಲೈ 1ಕ್ಕೆ ತರುವುದು, ಪತ್ರಿಕಾ ದಿನ ಅಂತ. 1843ರಲ್ಲಿ ಮೊಗ್ಲಿಂಗ್ ಅವರ 'ಮಂಗಳೂರ ಸಮಾಚಾರ' ಹೊರಟ ದಿನ ಅದು, ನಮ್ಮೂರಿನದ್ದೇ ಅಲ್ವಾ ಹಾಗಾಗಿ ಸ್ವಲ್ಪ ಜಂಬ. ಅದೂ ಕಲ್ಲಚ್ಚಿನಲ್ಲಿ, ಕೈಬರಹದ ಹಾಗೆಯೇ ಕಾಣ್ತದೆ ನೋಡಲಿಕ್ಕೆ, ನಿಮ್ಮ ಮಕ್ಕಳಿಗೆ ಚಿತ್ರ ತೋರಿಸಿ.

ನಿಮ್ಮ ಮೊದಲ ಸಂಚಿಕೆಯ ಒಂದು ಪ್ರತಿ ನಮಗೆ ಪೋಸ್ಟ್ ಮಾಡಿ, ನಮ್ಮದು ನಿಮಗೆ ಕಳಿಸ್ತೇವೆ, ವಿಳಾಸ ಮೆಸೇಜ್ ಮಾಡ್ತೇನೆ. ನಮ್ಮ ಮಕ್ಕಳು ಈಗಾಗಲೇ ಒಂದು ಪ್ರಶ್ನೆ ಕೊಟ್ಟಿದ್ದಾರೆ. ಇಲ್ಲಿ ಕೋರಿ ಗಸಿ ಆಗಲಿ ಮೀನಿನ ಸಾರಾಗಲಿ, ನಿಮ್ಮ ಜಿಲ್ಲೆಯ ಬ್ಯಾಡಗಿ ಮೆಣಸು ಇಲ್ಲದೆ ಆಗುವುದಿಲ್ಲ, ಅದು ಅಷ್ಟು ಕೆಂಪಿದ್ದೂ ಖಾರ ಯಾಕೆ ಕಮ್ಮಿ, ಮತ್ತೆ ಬೆಳೆದವರಿಗೆ ಕೆ.ಜಿ.ಗೆ ಎಷ್ಟು ಸಿಗ್ತದೆ ಅಂತ ಮಾರ್ಕೆಟಿಗೆ ಹೋಗಿ ಕೇಳಿ ಬರೆಯಬೇಕಂತೆ. ನಮ್ಮ ಅಂಗಡಿಯಲ್ಲಿ ಎಷ್ಟಕ್ಕೆ ಮಾರ್ತಾರೆ ಅಂತ ಇವರು ಕೇಳಿ ಇಟ್ಟಿರ್ತಾರೆ.